ಕಾರ್ಪೆಟ್ ತೊಳೆಯುವ ಕೆಲಸಕ್ಕೆ ದರ ಹೇಗೆ ಕಟ್ಟುವುದು? (ಕುಶಾಲನಗರ, ಮಡಿಕೇರಿ ಸುತ್ತಮುತ್ತ)

ತೊಳೆಯುವ ಕೈ (ಕುಶಾಲನಗರ), ಜೂನ್ 24, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೋಟೆಲೊಂದರಲ್ಲಿ ಆರು ವರ್ಷ ಹೌಸ್‌ಕೀಪಿಂಗ್ ಮಾಡಿದವನು ನಾನು. ಅಮ್ಮನಿಗೆ ಹುಷಾರಿಲ್ಲವೆಂದು ಕಳೆದ ವರ್ಷ ಊರಿಗೆ ಮರಳಿದೆ. ಬಲ್ಲ ಕೆಲಸ ಇದೊಂದೇ. ಸಾಲ ಮಾಡಿ, ನೀರು ಚಿಮ್ಮಿಸಿ ಕೊಳೆಯ ಸಮೇತ ಹೀರುವ ಯಂತ್ರ ಒಂದನ್ನು ತಂದೆ. ಹಳೆಯ ಓಮ್ನಿ ವ್ಯಾನ್ ಒಂದಿದೆ. ಸೋಫಾ, ಕಾರ್ಪೆಟ್, ಹಾಸಿಗೆ ಎಲ್ಲವನ್ನೂ ಮಾಡುತ್ತೇನೆ.

ಕೆಲಸ ಬರುತ್ತಿದೆ, ದುಡ್ಡು ಉಳಿಯುತ್ತಿಲ್ಲ. ಹೋದ ವಾರದ್ದನ್ನೇ ಹೇಳುತ್ತೇನೆ. ಗಾಳಿಬೀಡಿನ ಒಂದು ಹೋಂಸ್ಟೇಯಿಂದ ಫೋನ್ ಬಂತು. ಹಾಲ್‌ನಲ್ಲಿ 9×12 ಅಡಿಯ ಕಾರ್ಪೆಟ್ ಒಂದು, ಕೋಣೆಗಳಲ್ಲಿ 5×8ರವು ಮೂರು. ಒಟ್ಟು 228 ಚದರಡಿ. ಚದರಡಿಗೆ 8 ರೂಪಾಯಿ ಎಂದು ಫೋನಿನಲ್ಲೇ ಹೇಳಿಬಿಟ್ಟೆ. ಬಿಲ್ಲು 1,824. ಹೋಗಿ ಬರಲು 80 ಕಿಲೋಮೀಟರ್, ಘಟ್ಟ ಹತ್ತುವ ವ್ಯಾನಿಗೆ ಪೆಟ್ರೋಲ್ 690. ಜೊತೆಗೆ ಬಂದ ಹುಡುಗನಿಗೆ 700. ಶಾಂಪೂ ಮತ್ತಿತರ ದ್ರಾವಣಕ್ಕೆ 150. ಉಳಿದದ್ದು 284 ರೂಪಾಯಿ.

ಮೂರನೆಯ ದಿನ ಆ ಮನೆಯ ಅಕ್ಕ ಮತ್ತೆ ಫೋನ್ ಮಾಡಿದರು. ಕಾರ್ಪೆಟ್ ಒಣಗಿಲ್ಲ, ಕೋಣೆಯೆಲ್ಲ ಒದ್ದೆ ನಾಯಿಯ ವಾಸನೆ ಹೊಡೆಯುತ್ತಿದೆ ಎಂದರು. ಮತ್ತೆ ಹೋದೆ, ಮತ್ತೆ 690. ನನ್ನ ಕೈಯಿಂದ 406 ರೂಪಾಯಿ ಕೊಟ್ಟು ಅವರ ಮನೆ ತೊಳೆದ ಹಾಗಾಯಿತು.

ನೀವೆಲ್ಲ ಚದರಡಿಗೆ ಎಷ್ಟು ತೆಗೆದುಕೊಳ್ಳುತ್ತೀರಿ?

ಕಡ್ಡಿ ಮುರಿದಂತೆ (ಸೋಮವಾರಪೇಟೆ), ರಾತ್ರಿ 10.05

8 ರೂಪಾಯಿಯೇ ಜಾಸ್ತಿ. ಮೈಸೂರಿನಿಂದ ಬರುವವರು 5ಕ್ಕೆ ಮಾಡಿಕೊಡುತ್ತಾರೆ.

ಗೋಣಿಕೊಪ್ಪದ ಸೋಫಾ, ರಾತ್ರಿ 10.31

ಮೈಸೂರಿನವರು 5ಕ್ಕೆ ಮಾಡುವುದು ಒಂದೇ ರೆಸಾರ್ಟಿನಲ್ಲಿ ಮೂರು ಸಾವಿರ ಚದರಡಿ ಸಿಕ್ಕಾಗ. ಗಾಳಿಬೀಡಿನ ನಾಲ್ಕು ಕಾರ್ಪೆಟ್ಟಿಗೆ ಅವರು ಬರುತ್ತಾರೆಯೇ ಎಂದು ಒಮ್ಮೆ ಕರೆದು ನೋಡಿ.

ತೊಳೆಯುವ ಕೈ ಅವರೇ, ನಾನು ಒಂಬತ್ತು ವರ್ಷಗಳಿಂದ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಕಡೆ ಇದೇ ಕೆಲಸದಲ್ಲಿದ್ದೇನೆ. ಮೊದಲ ವರ್ಷ ನಾನೂ ಚದರಡಿ ಚದರಡಿ ಎಂದು ಜಪ ಮಾಡುತ್ತಿದ್ದೆ. ಚದರಡಿ ಲೆಕ್ಕ ಸರಿಹೋಗುವುದು ಮನೆಗಳು ಒತ್ತೊತ್ತಾಗಿರುವ ಪೇಟೆಯಲ್ಲಿ. ನಮ್ಮಲ್ಲಿ ಗೇಟಿನಿಂದ ಮನೆಗೇ ಒಂದೂವರೆ ಕಿಲೋಮೀಟರ್ ಕಾಫಿ ತೋಟದ ದಾರಿ ಇರುತ್ತದೆ. ಗೇಟು ತೆಗೆಯುವವನು ಬರುವವರೆಗೆ ಇಪ್ಪತ್ತು ನಿಮಿಷ. ಯಂತ್ರದ ಪ್ಲಗ್ ಹಾಕುತ್ತೇನೆ, ಕರೆಂಟು ಹೋಗುತ್ತದೆ. ಅವರ ಇನ್ವರ್ಟರ್ ಯಂತ್ರದ ಭಾರ ತಾಳುವುದಿಲ್ಲ. ಕರೆಂಟು ಬರುವವರೆಗೆ ಅಂಗಳದಲ್ಲಿ ಕುಳಿತು ಅವರು ಕೊಟ್ಟ ಕಾಫಿ ಕುಡಿಯುತ್ತೇನೆ. ಕಾಫಿ ಚೆನ್ನಾಗಿಯೇ ಇರುತ್ತದೆ, ಆ ಮಾತು ಬೇರೆ. ಇದೆಲ್ಲ ಯಾವ ಚದರಡಿಯಲ್ಲಿ ಬರುತ್ತದೆ?

ನೀವು ಮಾರುತ್ತಿರುವುದು ನಿಮ್ಮ ಒಂದು ದಿನವನ್ನು. ಮೊದಲು ಆ ದಿನಕ್ಕೆ ಬೆಲೆ ಕಟ್ಟಿ. ಆಮೇಲೆ ಗಿರಾಕಿಗೆ ಅರ್ಥವಾಗಲೆಂದು ಬೇಕಿದ್ದರೆ ಅದನ್ನು ಚದರಡಿಗೆ ಇಳಿಸಿ ಹೇಳಿ.

ಲೆಕ್ಕದ ಪುಸ್ತಕ (ವಿರಾಜಪೇಟೆ), ಜೂನ್ 25, ಬೆಳಿಗ್ಗೆ 7.15

ಸೋಫಾ ಅಣ್ಣ ಹೇಳಿದ್ದು ಸರಿ. ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವವಳು. ತಿಂಗಳ ಖರ್ಚನ್ನು ಹಾಕಿ, ಇಲ್ಲಿಯೇ ಕೂಡಿ ನೋಡೋಣ.

ತೊಳೆಯುವ ಕೈ, ಬೆಳಿಗ್ಗೆ 8.02

ಯಂತ್ರದ ಸಾಲದ ಕಂತು 2,500. ವ್ಯಾನಿನ ಕಂತು 4,000. ವಿಮೆ, ಸರ್ವೀಸ್, ಟಯರು ಎಲ್ಲವನ್ನೂ ತಿಂಗಳಿಗೆ ಹಂಚಿದರೆ 2,500. ಫೋನು, ಚಿಲ್ಲರೆ 500. ಮನೆಗೆ 25,000 ಬೇಕೇ ಬೇಕು, ಅಮ್ಮನ ಔಷಧಿಯೂ ಅದರಲ್ಲೇ ಆಗಬೇಕು. ತಿಂಗಳಿಗೆ 26 ದಿನ ಕೆಲಸ ಎಂದು ಹಿಡಿದಿದ್ದೇನೆ.

ಲೆಕ್ಕದ ಪುಸ್ತಕ, ಬೆಳಿಗ್ಗೆ 8.40

ಒಂದು ಬಿಟ್ಟಿದ್ದೀರಿ. ಈ ಯಂತ್ರದ ಮೋಟಾರು ಕೆಟ್ಟ ದಿನ ಮುಂದಿನ ಯಂತ್ರಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ತಿಂಗಳಿಗೆ 1,000 ಎತ್ತಿಡಿ. ಈಗ ಒಟ್ಟು 35,500. ವರ್ಷಕ್ಕೆ 4,26,000.

ಇನ್ನು ಆ 26 ದಿನ. ಅದನ್ನು ಬೆಂಗಳೂರಿನ ಹೋಟೆಲಿನಿಂದ ತಂದಿದ್ದೀರಿ, ಕೊಡಗಿನಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 6 ದಿನ ಕೆಲಸ ಸಿಕ್ಕಿದರೆ ಪುಣ್ಯ. ಉಳಿದ ಎಂಟು ತಿಂಗಳು 16 ದಿನವೆಂದು ಹಿಡಿಯೋಣ. ಶನಿವಾರ, ಭಾನುವಾರ ಹೋಂಸ್ಟೇಗಳಲ್ಲಿ ಅತಿಥಿಗಳಿರುತ್ತಾರೆ, ಅವತ್ತು ಯಾರೂ ನಿಮ್ಮನ್ನು ಒಳಗೆ ಬಿಡುವುದಿಲ್ಲ. 24 ಮತ್ತು 128 ಕೂಡಿ 152 ದಿನ.

4,26,000 ಭಾಗಿಸು 152, ದಿನಕ್ಕೆ 2,800. ನಿಮ್ಮ ಲೆಕ್ಕದಲ್ಲಿ ಇದೇ ಮೊತ್ತ 312 ದಿನಕ್ಕೆ ಹಂಚಿಹೋಗಿ 1,365 ಆಗುತ್ತಿತ್ತು. ಮಳೆಗಾಲದಲ್ಲಿ ಸುಮ್ಮನೆ ಕುಳಿತ ದಿನಗಳ ಊಟವನ್ನೂ ಬೇಸಿಗೆಯ ಗಿರಾಕಿಯೇ ಕೊಡಬೇಕು, ಬೇರೆ ಯಾರು ಕೊಡುತ್ತಾರೆ?

ಈಗ ಗಾಳಿಬೀಡಿಗೆ ಬನ್ನಿ. 2,800, ಹುಡುಗನಿಗೆ 700, ದ್ರಾವಣ 150, ಪೆಟ್ರೋಲ್ 690. ಒಟ್ಟು 4,340. ಚದರಡಿಗೆ 19 ರೂಪಾಯಿ.

ಕಡ್ಡಿ ಮುರಿದಂತೆ, ಬೆಳಿಗ್ಗೆ 9.11

19 ರೂಪಾಯಿ ಕೇಳಿದರೆ ಆ ಅಕ್ಕ ಹೊಸ ಕಾರ್ಪೆಟ್ಟನ್ನೇ ತಂದು ಹಾಸುತ್ತಾರೆ. ಕಾಗದದ ಮೇಲೆ ಎಲ್ಲ ಸಲೀಸು.

ಗೋಣಿಕೊಪ್ಪದ ಸೋಫಾ, ಬೆಳಿಗ್ಗೆ 9.50

ಕಡ್ಡಿ ಅಣ್ಣನ ಈ ಮಾತನ್ನು ಒಪ್ಪುತ್ತೇನೆ. ಯಂತ್ರದಲ್ಲಿ ನೇಯ್ದ ಅಗ್ಗದ ಸಿಂಥೆಟಿಕ್ ಕಾರ್ಪೆಟ್ ಆದರೆ, ಇದನ್ನು ತೊಳೆಸಬೇಡಿ, ಧೂಳು ಹೀರಿಸಿ ಹಾಸಿಕೊಳ್ಳಿ, ಸವೆದ ಮೇಲೆ ಬೇರೆ ತನ್ನಿ ಎಂದು ನಾನೇ ಹೇಳುತ್ತೇನೆ. ಅವತ್ತಿನ ದುಡ್ಡು ಹೋಗುತ್ತದೆ. ಆದರೆ ಹಾಗೆ ಹೇಳಿ ಬಂದ ಮನೆಯವರೇ ಮುಂದಿನ ಸಲ ಇಡೀ ಸೋಫಾ ಸೆಟ್ಟಿಗೆ ಕರೆದಿದ್ದಾರೆ.

19ನ್ನು ಇಳಿಸುವ ದಾರಿ ಬೇರೆ ಇದೆ. ಗಾಳಿಬೀಡಿಗೆ ಒಂದು ಮನೆಗೆಂದು ಹೋಗಬೇಡಿ. ಅದೇ ದಿನ ಅದೇ ದಾರಿಯಲ್ಲಿ ಅಷ್ಟೇ ದೊಡ್ಡ ಎರಡನೆಯ ಕೆಲಸ ಹಿಡಿಯಿರಿ. ದಿನ, ಹುಡುಗ, ಪೆಟ್ರೋಲ್ ಸೇರಿ 4,190, ದ್ರಾವಣ ಎರಡು ಪಾಲು 300. 4,490 ಎರಡು ಮನೆಗೆ ಹಂಚಿದರೆ ತಲಾ 2,245. ಚದರಡಿಗೆ 10ಕ್ಕಿಂತ ಒಳಗೇ ಬಂತು. ವಾರದಲ್ಲಿ ಒಂದೊಂದು ದಿನ ಒಂದೊಂದು ದಿಕ್ಕು ಎಂದು ಗೊತ್ತುಮಾಡಿಕೊಳ್ಳಿ. ಶುಕ್ರವಾರ ಮಾತ್ರ ಮಡಿಕೇರಿ ಬೇಡ. ಸಂತೆಯ ದಿನ, ವ್ಯಾನು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಗು ಕಳೆಯುತ್ತದೆ.

ಮಂಜಿನ ಮನೆ (ಮಡಿಕೇರಿ), ಮಧ್ಯಾಹ್ನ 2.20

ನಾನು ದುಡ್ಡು ಕೊಡುವ ಕಡೆಯವಳು, ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತೇನೆ. ನಿಮ್ಮ ಚರ್ಚೆ ಓದಿ ನಗು ಬಂತು. 8, 10, 19 ಎಂದು ಹೊಡೆದಾಡುತ್ತಿದ್ದೀರಿ. ನನಗೆ ಬೇಕಾದ ಉತ್ತರವನ್ನು ಇವತ್ತಿನವರೆಗೆ ಯಾವ ತೊಳೆಯುವವರೂ ತಾವಾಗಿ ಹೇಳಿಲ್ಲ. ನನ್ನ ಅತಿಥಿಗಳು ಶುಕ್ರವಾರ ಮಧ್ಯಾಹ್ನ ಬರುತ್ತಾರೆ. ಅಷ್ಟರೊಳಗೆ ಕಾರ್ಪೆಟ್ ಒಣಗಿರುತ್ತದೆಯೋ ಇಲ್ಲವೋ?

ಹಿಂದೊಮ್ಮೆ ಜುಲೈನಲ್ಲಿ ಒಬ್ಬರು ಬಂದು ತೊಳೆದುಕೊಟ್ಟು ಹೋದರು. ನೋಡಲು ಹೊಸದರ ಹಾಗಿತ್ತು. ನಾಲ್ಕನೆಯ ದಿನ ಮೂಲೆಯೆತ್ತಿ ನೋಡಿದರೆ ಹಿಂಬದಿಯಲ್ಲಿ ಬೂದಿ ಚೆಲ್ಲಿದ ಹಾಗೆ ಬೂಸ್ಟು. ನಮ್ಮದು ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಮಗುಚಿ ಮಕ್ಕಳ ಬಟ್ಟೆ ಒಣಗಿಸಿದ ಊರು. ಇಲ್ಲಿ ಒದ್ದೆ ಮಾಡುವುದಕ್ಕೆ ಯಾರೂ ಬೇಕಾಗಿಲ್ಲ, ಅದನ್ನು ಆಕಾಶವೇ ಪುಕ್ಕಟೆಯಾಗಿ ಮಾಡುತ್ತದೆ. ಒಣಗಿಸಿ ಕೊಡುತ್ತೇನೆ ಎನ್ನುವವರಿಗೆ ನಾನು ಒಂದೂವರೆ ಪಟ್ಟು ಕೊಡಲು ಸಿದ್ಧ.

ತೊಳೆಯುವ ಕೈ, ಮಧ್ಯಾಹ್ನ 3.05

ಅಕ್ಕ, ಈ ಮಾತು ನಾಟಿತು. ಬೆಂಗಳೂರಿನಲ್ಲಿ ಏಸಿ ಇರುತ್ತಿತ್ತು. ಒಣಗುವುದು ಒಂದು ಕೆಲಸ ಎಂದು ನಾನು ಎಣಿಸಿಯೇ ಇರಲಿಲ್ಲ.

ಉಣ್ಣೆ ನೂಲು (ಬೈಲಕುಪ್ಪೆ ಹತ್ತಿರ), ಸಂಜೆ 6.48

ಒಣಗಿಸುವುದೇ ಮುಖ್ಯ ಕೆಲಸ. ಟಿಬೆಟಿಯನ್ ಕಾರ್ಪೆಟ್ ತೊಳೆದು ದುರಸ್ತಿ ಮಾಡುವವರ ಬಳಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಉಣ್ಣೆ ಎಷ್ಟು ನೀರು ಕುಡಿಯುತ್ತದೆ ಎಂದರೆ, ಒಣಗಿದ್ದಾಗ ಹೆಗಲ ಮೇಲೆ ಹಾಕಿಕೊಂಡು ಬಂದ 6×9ನ್ನು ಒದ್ದೆಯಾದ ಮೇಲೆ ಎತ್ತಲು ಇಬ್ಬರು ಬೇಕು.

ನಿಮ್ಮ ಯಂತ್ರದಲ್ಲಿ ನೀರು ಬಿಡುತ್ತ ಒಂದು ಸಲ ಎಳೆದರೆ, ನೀರು ಬಿಡದೆ ಬರಿದೇ ಹೀರುತ್ತ ಮೂರು ಸಲ ಎಳೆಯಿರಿ. ಹೀರುವ ಬಾಯಿಯ ಗಾಜಿನಲ್ಲಿ ಹನಿ ಓಡುವುದು ನಿಂತ ಮೇಲೂ ಇನ್ನೊಮ್ಮೆ. ಆಮೇಲೆ ಬಿಳಿಯ ಟವೆಲ್ ಹಾಸಿ ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಟವೆಲ್ ಒದ್ದೆಯಾದರೆ ಕೆಲಸ ಮುಗಿದಿಲ್ಲ. ತಳದಲ್ಲಿ ನೀರು ಉಳಿದರೆ ಒಣಗುವಾಗ ಅದು ಕೊಳೆಯನ್ನು ಎಳೆದುಕೊಂಡು ಎಳೆಯ ತುದಿಗೆ ಬರುತ್ತದೆ. ಹೋಯಿತೆಂದುಕೊಂಡ ಕಲೆ ಮರುದಿನ ಅದೇ ಜಾಗದಲ್ಲಿ ಕುಳಿತಿರುತ್ತದೆ. ಗಿರಾಕಿ ನೀವು ತೊಳೆದೇ ಇಲ್ಲ ಎನ್ನುತ್ತಾನೆ. ಸೆಣಬಿನ ತಳವಿದ್ದರೆ ಅದರ ಕಂದು ಬಣ್ಣವೂ ಮೇಲೇರುತ್ತದೆ.

ಈ ಹೀರುವ ಎಳೆತಕ್ಕೆ, ಎರಡು ಫ್ಯಾನಿಗೆ, ಕಾಯುವ ಸಮಯಕ್ಕೆ ದರದಲ್ಲಿ ಜಾಗ ಇರಬೇಕು. ಇಲ್ಲದಿದ್ದರೆ ಸಂಜೆ ಐದಾಯಿತೆಂದು ನೀವೇ ಎರಡು ಎಳೆತ ಕಡಿಮೆ ಮಾಡುತ್ತೀರಿ. ನಾನೂ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು. ನೀವಿರುವುದು ಕುಶಾಲನಗರದಲ್ಲಿ! ಮಡಿಕೇರಿಯಲ್ಲಿ ಮೂರು ದಿನದಿಂದ ಬಿಡದೆ ಸುರಿಯುತ್ತಿರುವಾಗ ನಿಮ್ಮ ತಾರಸಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಕಾರ್ಪೆಟ್ಟನ್ನು ಘಟ್ಟದ ಮೇಲೆ ಏಕೆ ತೊಳೆಯುತ್ತೀರಿ? ಸುತ್ತಿ ಕೆಳಗೆ ತನ್ನಿ. ತಾರಸಿಗೆ ಶೀಟು ಹಾಕಿಸಿ, ನೆರಳಿನಲ್ಲಿ ಗಾಳಿಗೆ ಬಿದಿರಿನ ಗಳದ ಮೇಲೆ ಹರಡಿ. ಉಣ್ಣೆಯನ್ನು ನೇರ ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ.

ಗೋಣಿಕೊಪ್ಪದ ಸೋಫಾ, ಸಂಜೆ 7.02

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಎಲ್ಲಿ ಹೋದರೂ ಮಳೆಯೇ.

ಕಿತ್ತಳೆ ತೋಟ (ನಾಪೋಕ್ಲು), ರಾತ್ರಿ 8.30

ದರದ ಮಾತಿನ ನಡುವೆ ನನ್ನ ದುಃಖವೊಂದು. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಅಜ್ಜಿಯ ಕಾಲದ ರತ್ನಗಂಬಳಿ ಒಂದಿತ್ತು. ಕೆಂಪು ಅಂಚು, ನಡುವೆ ಕೆನೆಬಣ್ಣ. ಪುತ್ತರಿ ಸುಗ್ಗಿಹಬ್ಬಕ್ಕೆ ಮನೆ ತುಂಬ ಜನ ಸೇರುತ್ತಾರೆಂದು ತೊಳೆಸಲು ಹೊರಟೆವು. ಫೋನಿನಲ್ಲಿ ದರ ಹೇಳಿದ ಒಬ್ಬರು ಬಂದರು, ಕೇಳಲಿಲ್ಲ, ನೋಡಲಿಲ್ಲ, ಬಿಸಿನೀರು ಹೊಡೆದರು. ಕೆಂಪು ಇಳಿದು ಕೆನೆಬಣ್ಣದ ಅರ್ಧ ಭಾಗ ಬೀಟ್‌ರೂಟ್ ಪಲ್ಯದ ತಟ್ಟೆಯಂತಾಯಿತು. ಅವರು ದುಡ್ಡು ಬೇಡ ಎಂದು ಹೊರಟುಹೋದರು. ಅವರು ಬಿಟ್ಟುಕೊಟ್ಟದ್ದು ಆರುನೂರು ರೂಪಾಯಿ.

ಇದನ್ನು ನಾನು ಮುಟ್ಟುವುದಿಲ್ಲ ಎಂದು ಹೇಳಿ ಹೋಗುವವರಿಗೂ ನಾನು ದುಡ್ಡು ಕೊಡುತ್ತಿದ್ದೆ.

ಉಣ್ಣೆ ನೂಲು, ರಾತ್ರಿ 8.55

ಕೇಳಿ ಸಂಕಟವಾಯಿತು. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಒಂದೆರಡು ನಿಮಿಷ ಒತ್ತಿ ಹಿಡಿದಿದ್ದರೆ ಸಾಕಿತ್ತು. ಬಟ್ಟೆಗೆ ಕೆಂಪು ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು. ಉಣ್ಣೆಗೆ ಬಿಸಿನೀರೂ ಬೇಡ, ಖಾರವಾದ ಸೋಪೂ ಬೇಡ. ಬ್ಲೀಚಂತೂ ಉಣ್ಣೆಯನ್ನೇ ತಿಂದುಹಾಕುತ್ತದೆ.

ತೊಳೆಯುವ ಕೈ ಅವರೇ, ನೋಡುವುದಕ್ಕೆ ಬೇರೆ ದರ ಇಡಿ. 300 ರೂಪಾಯಿ. ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಕಳೆಯಿರಿ. ದೂರದವರಾದರೆ ಮೇಲ್ಭಾಗ, ಹಿಂಬದಿ, ಮಗುಚಿದ ಮೂಲೆ, ಮೂರರ ಫೋಟೋ ತರಿಸಿಕೊಳ್ಳಿ. ಹಿಂಬದಿ ನೋಡಿದರೆ ಕೈನೇಯ್ಗೆಯೋ ಅಂಟು ಹಚ್ಚಿದ್ದೋ ಗೊತ್ತಾಗುತ್ತದೆ. ಅಂಟು ಹಚ್ಚಿದ್ದು ಹೆಚ್ಚು ನೆನೆದರೆ ತಳವೇ ಕಳಚಿಕೊಂಡು ಬರಬಹುದು.

ಕಡ್ಡಿ ಮುರಿದಂತೆ, ರಾತ್ರಿ 9.20

ಎಲ್ಲ ಸರಿ. ಒಂದು ನೇರ ಪ್ರಶ್ನೆ. ಎಸ್ಟೇಟ್ ಬಂಗಲೆಗೂ ನಮ್ಮಂಥವರ ಮನೆಗೂ ಒಂದೇ ದರವೋ? ದೊಡ್ಡ ಗೇಟು ಕಂಡರೆ ಮೀಟರ್ ಏರಿಸುವವರನ್ನು ಬಹಳ ಕಂಡಿದ್ದೇನೆ.

ಗೋಣಿಕೊಪ್ಪದ ಸೋಫಾ, ರಾತ್ರಿ 9.44

ಮುಖ ನೋಡಿ ಮಣೆ ಹಾಕಬಾರದು. ಬಂಗಲೆಯ ಅಡುಗೆಯವರು, ಡ್ರೈವರು, ರೈಟರು ಎಲ್ಲರೂ ಪೇಟೆಯಲ್ಲಿ ಸಿಕ್ಕಿ ಮಾತಾಡುತ್ತಾರೆ. ಎರಡು ದರ ಎರಡು ವಾರದಲ್ಲಿ ಹೊರಬೀಳುತ್ತದೆ. ಆದರೆ ಕೆಲಸ ನೋಡಿ ದರ ಬದಲಾಗಲೇಬೇಕು. ನಾಯಿ ಉಚ್ಚೆ ಹೊಯ್ದದ್ದಕ್ಕೆ ಬೇರೆ, ಏಕೆಂದರೆ ತಳದವರೆಗೆ ಇಳಿದಿರುತ್ತದೆ. ಹಳೆಯ ಕಾಫಿ ಕಲೆಗೆ ಬೇರೆ, ಅದೂ ಹೋಗಿಯೇ ಹೋಗುತ್ತದೆ ಎಂದು ಮಾತು ಕೊಡದೆ. ಮೆಟ್ಟಿಲಿನ ಕಾರ್ಪೆಟ್ ಆದರೆ ಮೆಟ್ಟಿಲಿಗಿಷ್ಟು. ಸಣ್ಣ ಮನೆಯವರು ಕಾರ್ಪೆಟ್ಟನ್ನು ಆಟೋದಲ್ಲಿ ಹಾಕಿ ಅವರೇ ತಂದುಕೊಟ್ಟರೆ ದಾರಿಯ ಖರ್ಚೇ ಇಲ್ಲ, ಅರ್ಧಕ್ಕೆ ಮಾಡಿ. ಇದನ್ನು ಯಾರು ಕೇಳಿದರೂ ಮುಚ್ಚುಮರೆಯಿಲ್ಲದೆ ಹೇಳಬಹುದು.

ಲೆಕ್ಕದ ಪುಸ್ತಕ, ಜೂನ್ 26, ಬೆಳಿಗ್ಗೆ 6.50

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ರೆಸಾರ್ಟಿನವರು ಜಿಎಸ್‌ಟಿ ಬಿಲ್ ಕೇಳುತ್ತಾರೆ. ಸೇವೆ ಒದಗಿಸುವವರ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. 152 ದಿನವೂ ಗಾಳಿಬೀಡಿನಂಥ ಕೆಲಸ ಸಿಕ್ಕಿದರೂ ನೀವು ಏಳು ಲಕ್ಷ ಮುಟ್ಟುವುದಿಲ್ಲ. ನೋಂದಣಿಯಿಲ್ಲದೆ ಬಿಲ್ಲಿನಲ್ಲಿ 18 ಶೇಕಡಾ ಎಂದು ಬರೆದು ವಸೂಲು ಮಾಡುವುದು ಮಾತ್ರ ತಪ್ಪು, ಅದಕ್ಕೆ ಕೈಹಾಕಬೇಡಿ. ಸಾದಾ ರಸೀತಿ ಕೊಡಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ. ಮನೆಯವರು ಕಳಿಸಿದ ದುಡ್ಡು, ಚೀಟಿಯ ದುಡ್ಡು, ಕೆಲಸದ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ಆಮೇಲೆ ಬಿಡಿಸುವುದು ಕಷ್ಟ. ಕೆಲಸಕ್ಕೆ ಬೇರೆ ಖಾತೆ ತೆರೆಯಿರಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಮುಚ್ಚಿಬಿಡಿ. ಯಂತ್ರದ ಸಾಲ ಹೊರಗಿನ ಬಡ್ಡಿಯದಾಗಿದ್ದರೆ ಬ್ಯಾಂಕಿನಲ್ಲಿ ಸಣ್ಣ ಉದ್ಯಮಗಳಿಗೆ ಕೊಡುವ ಮುದ್ರಾ ಸಾಲ ವಿಚಾರಿಸಿ. ಶಿಶು ವರ್ಗದಲ್ಲಿ 50,000ದವರೆಗೆ, ಅದಕ್ಕೂ ಮೇಲೆ 5 ಲಕ್ಷದವರೆಗೆ ಕಿಶೋರ್.

ತೊಳೆಯುವ ಕೈ, ರಾತ್ರಿ 10.15

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ನಾಳೆ ಶೀಟಿನ ಅಂಗಡಿಗೆ ಹೋಗುತ್ತೇನೆ.

ತೊಳೆಯುವ ಕೈ, ಅಕ್ಟೋಬರ್ 4, ರಾತ್ರಿ 8.10

ಮೂರು ತಿಂಗಳ ವರದಿ ಒಪ್ಪಿಸಲು ಬಂದಿದ್ದೇನೆ.

ತಾರಸಿಗೆ ಶೀಟು ಹಾಕಿಸಿದೆ. ಸೋಮವಾರ ಮಡಿಕೇರಿಗೆ ಹೋಗಿ ಕಾರ್ಪೆಟ್ ತರುವುದು, ಗುರುವಾರ ಒಣಗಿಸಿ ಹಿಂದಕ್ಕೆ ಕೊಡುವುದು ಎಂದು ಗೊತ್ತುಮಾಡಿಕೊಂಡೆ. ಮಳೆಗಾಲಕ್ಕೆ ತರುವ, ಕೊಡುವ ಖರ್ಚೂ ಸೇರಿ ಚದರಡಿಗೆ 16, ಒಂದು ಮನೆಗೆ ಕನಿಷ್ಠ 1,200. ಒಂದು ವಾರ ಮೂರು ಮನೆಯಿಂದ 270 ಚದರಡಿ ಸಿಕ್ಕಿತು. 4,320 ಬಂತು. ಎರಡು ಓಡಾಟದ ಪೆಟ್ರೋಲ್ 1,120, ಹುಡುಗನಿಗೆ 700, ದ್ರಾವಣ 200. ಉಳಿದದ್ದು 2,300. ಲೆಕ್ಕದ ಪುಸ್ತಕ ಅಕ್ಕ ಹೇಳಿದ 2,800ಕ್ಕೆ 500 ಕಡಿಮೆ. ಆದರೂ ಹೋದ ವರ್ಷ ಜುಲೈನಲ್ಲಿ ನಾನು ಟಿವಿ ನೋಡುತ್ತ ಕುಳಿತಿದ್ದೆ. ಎಲ್ಲ ವಾರವೂ ಹೀಗಿರಲಿಲ್ಲ, ಆಗಸ್ಟಿನ ಒಂದು ವಾರ ಸಿಕ್ಕಿದ್ದು ಒಂದೇ ಮನೆ. ಕನಿಷ್ಠ ದರವಿದ್ದರೂ ಕೈಯಿಂದಲೇ ಹೋಯಿತು. ಈಗ ಮೂರು ಮನೆಯಾದರೂ ಕೂಡದೆ ವ್ಯಾನು ಹೊರಡಿಸುವುದಿಲ್ಲ.

ಇಬ್ಬರು 16 ಕೇಳಿ ಫೋನ್ ಇಟ್ಟರು. ಮೊದಲನೆಯವರು ಇಟ್ಟಾಗ ಎದೆ ಧಸಕ್ಕೆಂದಿತು. ಎರಡನೆಯವರು ಇಟ್ಟಾಗ ಅಷ್ಟು ಆಗಲಿಲ್ಲ.

ಗಾಳಿಬೀಡಿನ ಅಕ್ಕ ದಸರಾಕ್ಕೆ ಮೊದಲು ಮತ್ತೆ ಕರೆದರು. ಒಂದೇ ಮನೆಯಾದರೆ 4,300, ಪಕ್ಕದವರೂ ಸೇರಿದರೆ ತಲಾ 2,250 ಎಂದೆ. ಎರಡು ನಿಮಿಷ ಮಾತೇ ಇಲ್ಲ. ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿ, ಪಕ್ಕದ ತೋಟದವರನ್ನು ಒಪ್ಪಿಸಿದ್ದೇನೆ, ಮಂಗಳವಾರ ಬಾ ಎಂದರು. ಜೂನ್‌ನಲ್ಲಿ ಕೊಟ್ಟದ್ದಕ್ಕಿಂತ ಅವರಿಗೆ ಹೆಚ್ಚಾದದ್ದು 426 ರೂಪಾಯಿ. ನನಗೆ ಒಂದು ದಿನದ ಸಂಬಳ ಪೂರ್ತಿ ಹುಟ್ಟಿತು. ಹೊರಡುವಾಗ ಟವೆಲ್ ಹಾಸಿ, ನೀವೇ ನಿಂತು ನೋಡಿ ಅಕ್ಕ ಎಂದೆ. ಅವರು ಚಪ್ಪಲಿ ಬಿಟ್ಟು ನಿಂತರು, ಕೆಳಗಿಳಿದು ಟವೆಲ್ ಮುಟ್ಟಿ ನೋಡಿದರು, ಏನೂ ಹೇಳದೆ ಒಳಗೆ ಹೋಗಿ ದುಡ್ಡು ತಂದರು. ಚೌಕಾಸಿ ಮಾಡಲಿಲ್ಲ.

ಕಡ್ಡಿ ಮುರಿದಂತೆ, ರಾತ್ರಿ 8.40

ಸೋಮವಾರಪೇಟೆಗೆ ಯಾವ ದಿನ ಬರುತ್ತೀರಿ? ನಮ್ಮ ಮನೆಯದು 6×9. ಪಕ್ಕದ ಮನೆಯವರನ್ನೂ ಕೇಳುತ್ತೇನೆ.

ತೊಳೆಯುವ ಕೈ, ರಾತ್ರಿ 8.52

ಬುಧವಾರ ಅಣ್ಣ. ಹಿಂಬದಿಯ ಫೋಟೋ ಕಳಿಸಿ, ನೋಡಿ ದರ ಹೇಳುತ್ತೇನೆ.